ದುರ್ಬೀನಿನ ಕಣ್ಣು, ಬೇಡನ ಕಣ್ಣು

ಕೆಲವು ತಿಂಗಳ ಹಿಂದೆ ಸಮೀರವಾಡಿಯಲ್ಲಿ ಪರಿಚಿತರೊಬ್ಬರ ಮನೆಯ ಪಡಸಾಲೆಯಲ್ಲಿ ಕುಳಿತಿದ್ದೆ. ಹೊರಗೆ ಸಕ್ಕರೆ ಕಾರ್ಖಾನೆಗೆ ಕಬ್ಬು ಹೊತ್ತ ಬಂಡಿಗಳ ಸಾಲು. ಹೊರದೇಶದಲ್ಲಿ ಉದ್ಯೋಗದಲ್ಲಿರುವ ಆ ಮನೆಯ ಮಗ ರಜೆಗೆಂದು ಬಂದಿದ್ದ. ಅಲ್ಲಿ ಪರವಾನಗಿ ಪಡೆದು ಬೇಟೆಗೆ ಹೋಗುವ ಗೆಳೆಯರ ಸಹವಾಸ ಅವನಿಗೆ. ಬಂದೂಕಿನ ಮೇಲೆ ಕೂಡಿಸುವ ದುರ್ಬೀನುಗಳ ಚಿತ್ರಗಳನ್ನು ನನ್ನ ಮುಂದೆ ಹರಡಿ, "ಸರ್, ಇವುದರಾಗ ಯಾವುದು ಚಲೋ, ನೀವ ಹೇಳ್ರಿ" ಎಂದ. ಜೀವಮಾನವೆಲ್ಲ ಹಳಗನ್ನಡ ಪಾಠ ಹೇಳಿದವನಿಗೆ ಇಂಥ ಪ್ರಶ್ನೆ! ಆದರೂ ಓದಿ ತಿಳಿದು ಅವನಿಗೆ ಹೇಳಿದ್ದನ್ನೂ, ಆಗ ಹೇಳಲಾರದೆ ಉಳಿದದ್ದನ್ನೂ ಇಂದು ನಿಮ್ಮ ಮುಂದೆ ಇಡುತ್ತಿದ್ದೇನೆ.

ಎಷ್ಟು ಪಟ್ಟು ಹಿಗ್ಗಿಸಿ ತೋರಿಸುತ್ತದೆ ಎಂಬುದರಲ್ಲಿಯೇ ದುರ್ಬೀನಿನ ಹಿರಿಮೆಯಿದೆ ಎಂದು ನಾವು ಭಾವಿಸುತ್ತೇವೆ. ಅದು ಪೂರ್ತಿ ನಿಜವಲ್ಲ. ಮಿಕವು ಬಯಲಿಗೆ ಬರುವುದು ನಸುಕಿನಲ್ಲಿ, ಇಲ್ಲವೆ ಮುಸ್ಸಂಜೆಯಲ್ಲಿ. ಆದುದರಿಂದ ಬೇಟೆಗಾರನಿಗೆ ಬೇಕಾದದ್ದು ಬೆಳಕು. ಬರಿಯ ಗಾಜಿನ ಪ್ರತಿಯೊಂದು ಮೈಯೂ ತನ್ನ ಮೇಲೆ ಬಿದ್ದ ಬೆಳಕಿನ ನೂರರಲ್ಲಿ ಸುಮಾರು 4 ಪಾಲನ್ನು ಹಿಂದಕ್ಕೆ ತಳ್ಳುತ್ತದೆ. ಅಂಥ 10 ಮೈಗಳನ್ನು ದಾಟುವಷ್ಟರಲ್ಲಿ ಮೂರರಲ್ಲೊಂದು ಪಾಲು ಬೆಳಕು ಕಳೆದುಹೋಗುತ್ತದೆ. 1935ರಲ್ಲಿ ಜರ್ಮನಿಯ ಕಾರ್ಲ್ ಝೈಸ್ ಸಂಸ್ಥೆಯ ಅಲೆಕ್ಸಾಂಡರ್ ಸ್ಮಾಕುಲ ಎಂಬ ವಿಜ್ಞಾನಿ ಗಾಜಿಗೆ ಅತಿ ತೆಳುವಾದ ಲೇಪ ಕೊಟ್ಟು ಈ ನಷ್ಟವನ್ನು ತಗ್ಗಿಸಿದನು. ಅಮೆರಿಕದ ಮಾರ್ಕಸ್ ಲ್ಯೂಪೋಲ್ಡ್, ದುರ್ಬೀನಿನೊಳಗೆ ಮಂಜು ಕಟ್ಟಿದ್ದರಿಂದ ಜಿಂಕೆಯೊಂದು ಕೈತಪ್ಪಿದ ಸಿಟ್ಟಿನಲ್ಲಿ ಹೊಸ ಸಲಕರಣೆಗೆ ಕೈಹಾಕಿದನೆಂದು ಹೇಳುತ್ತಾರೆ. ನಳಿಗೆಯಲ್ಲಿ ನೈಟ್ರೋಜನ್ ತುಂಬಿ ಬಿಗಿಯಾಗಿ ಮುಚ್ಚಿದ, ಒಳಗೆ ಮಂಜು ಕಟ್ಟದ ಅವನ ದುರ್ಬೀನು 1947ರಲ್ಲಿ ಮಾರುಕಟ್ಟೆಗೆ ಬಂದಿತು. ಝೈಸ್, ಆಸ್ಟ್ರಿಯದ ಸ್ವಾರೋವ್‌ಸ್ಕಿ, ಜರ್ಮನಿಯ ಶ್ಮಿಟ್ ಉಂಡ್ ಬೆಂಡರ್ ಮೊದಲಾದವುಗಳಿಗೆ ತೆರುವ ದೊಡ್ಡ ಬೆಲೆಯ ಬಹುಪಾಲು, ಮುಸ್ಸಂಜೆಯ ಕೊನೆಯ ಕೆಲವು ನಿಮಿಷಗಳ ಬೆಳಕಿಗೂ ಏಟು ತಿಂದರೂ ಗುರಿ ಕದಲದ ಗಟ್ಟಿತನಕ್ಕೂ ಸಲ್ಲುವಂಥದು.

ಇನ್ನೊಂದು ಲೆಕ್ಕವಿದೆ. 42 ಮಿಲಿಮೀಟರ್ ಮುಂಗಾಜಿನ, 6 ಪಟ್ಟು ಹಿಗ್ಗಿಸುವ ದುರ್ಬೀನಿನಿಂದ ಹೊರಬರುವ ಬೆಳಕಿನ ಅಗಲ 7 ಮಿಲಿಮೀಟರ್. ಹರೆಯದ ಕಣ್ಣಿನ ಪಾಪೆ ಕತ್ತಲಲ್ಲಿ ಸುಮಾರು ಅಷ್ಟೇ ಅರಳುತ್ತದೆ. ನನ್ನ ವಯಸ್ಸಿನವರದು ಸಾಮಾನ್ಯವಾಗಿ 5ರ ಆಸುಪಾಸಿನಲ್ಲಿ ನಿಂತುಬಿಡುತ್ತದೆ. ಮಿಕ್ಕ ಬೆಳಕಿಗೆ ಎಷ್ಟು ಹಣ ಕೊಟ್ಟರೂ ಅದು ಕಣ್ಣೊಳಗೆ ಇಳಿಯದು. "ಮೊದಲು ನಿನ್ನ ಕಣ್ಣನ್ನು ಅರಿ, ಆಮೇಲೆ ಗಾಜನ್ನು ಕೊಳ್ಳು" ಎಂದೆ. ಹುಡುಗ ನಕ್ಕ.

ಆದರೆ ಅವನ ಪ್ರಶ್ನೆ ನನ್ನನ್ನು ಬಿಡಲಿಲ್ಲ. ಯಾವ ಕಣ್ಣಿನಿಂದ ಗುರಿಯಿಡಬೇಕೆಂಬುದಕ್ಕಿಂತ ಹಿರಿದಾದ ಇನ್ನೊಂದು ಪ್ರಶ್ನೆಯನ್ನು ಇದೇ ಸೀಮೆಯ ಜನ ಒಮ್ಮೆ ಎದುರಿಸಬೇಕಾಯಿತು: ಗುರಿಯಿಡುವ ಹಕ್ಕು ಯಾರದು?

ಮುಧೋಳ ಸಂಸ್ಥಾನಕ್ಕೆ ಸೇರಿದ್ದ ಹಲಗಲಿಯ ಬೇಡರಿಗೆ ಆಯುಧವೆಂದರೆ ವಿಲಾಸದ ವಸ್ತುವಲ್ಲ. ಅದು ಬದುಕು, ಅದು ಮಾನ. ಅಂದಿನ ಬತ್ತಿಯ ಕೋವಿಯ ಗುಂಡು ನೂರು ಗಜ ದಾಟಿದರೆ ನೆಚ್ಚಿಕೆಗೆ ನಿಲ್ಲುತ್ತಿರಲಿಲ್ಲ. ಆದುದರಿಂದ ಗಾಳಿಯ ದಿಕ್ಕನ್ನು ಅರಿತು, ಹೆಜ್ಜೆಯನ್ನು ಓದಿ, ಮಿಕದ ಹತ್ತಿರಕ್ಕೆ ತಾನೇ ಸಾಗಬೇಕು. ಈ ನಾಡಿನ ಹೆಸರು ಹೊತ್ತ ಮುಧೋಳ ನಾಯಿಯೂ ಕಣ್ಣಿನಿಂದ ಬೇಟೆಯಾಡುವ ತಳಿಯೆಂಬುದನ್ನು ಇಲ್ಲಿ ನೆನೆಯಬಹುದು.

1857ರಲ್ಲಿ ಉತ್ತರದಲ್ಲಿ ದಂಗೆಯೆದ್ದ ಮೇಲೆ ಕಂಪನಿ ಸರಕಾರ ಪ್ರಜೆಗಳನ್ನು ನಿರಾಯುಧರನ್ನಾಗಿಸುವ ಕಾನೂನು ಮಾಡಿತು. ಹಲಗಲಿಯವರು ಆಯುಧ ಒಪ್ಪಿಸಲಿಲ್ಲ. ಆ ವರ್ಷದ ನವೆಂಬರ್ ತಿಂಗಳ ಕೊನೆಯಲ್ಲಿ ದಂಡು ಬಂದಿತು. ಊರಿಗೆ ಬೆಂಕಿ ಬಿದ್ದಿತು. ಡಿಸೆಂಬರ್ 11ರಂದು ಮುಧೋಳದಲ್ಲಿ 13 ಮಂದಿಯನ್ನೂ, 14ರಂದು ಹಲಗಲಿಯಲ್ಲಿಯೇ 6 ಮಂದಿಯನ್ನೂ ನೇಣಿಗೇರಿಸಿದರು. ಹನುಮ, ಬಾಲ, ಜಡಗ, ರಾಮ ಎಂಬ ಹೆಸರುಗಳನ್ನು ಉಳಿಸಿಕೊಟ್ಟದ್ದು ಲಾವಣಿ. ಅದನ್ನು ಸಂಗ್ರಹಿಸಿ ಅಚ್ಚಿಗೆ ಕೊಟ್ಟವನು ಅದೇ ಆಳರಸರ ಅಧಿಕಾರಿಯಾಗಿದ್ದ ಜೆ. ಎಫ್. ಫ್ಲೀಟ್ ಎಂಬುದು ಚರಿತ್ರೆಯ ಒಂದು ವಿಚಿತ್ರ. ಇತ್ತ 1861ರಲ್ಲಿ ಕೊಡಗಿನ ಜನರಿಗೆ ಅದೇ ಪ್ರಭುತ್ವ ಆಯುಧ ಕಾನೂನಿನಿಂದ ವಿನಾಯಿತಿ ಕೊಟ್ಟಿತು. ನೆಚ್ಚಿಕೆಯವರ ಕೈಗೆ ಕೋವಿ, ಸಂಶಯಕ್ಕೆ ಒಳಗಾದವರ ಕೊರಳಿಗೆ ಹಗ್ಗ!

ಹಲಗಲಿಯ ಬೆಂಕಿ ಆರಿದ ನಾಲ್ಕು ವರ್ಷಕ್ಕೆ ಅಮೆರಿಕದಲ್ಲಿ ಅಂತರ್ಯುದ್ಧ ಮೊದಲಾಯಿತು. ಅಲ್ಲಿ ವಿಟ್‌ವರ್ತ್ ರೈಫಲ್ಲಿನ ಪಕ್ಕಕ್ಕೆ ದುರ್ಬೀನನ್ನು ಬಿಗಿದು, ತಮ್ಮನ್ನು ಕಾಣಲಾರದ ಮನುಷ್ಯರಿಗೇ ಗುರಿಯಿಟ್ಟರು. ಗಾಜು ಕೊಲ್ಲುವವನಿಗೂ ಸಾಯುವವನಿಗೂ ನಡುವಣ ನೆಲವನ್ನು ಹಿಗ್ಗಿಸಿತು. ಬೇಡನು ನಡೆದು ದಾಟುತ್ತಿದ್ದ ದೂರ ಅದು. ನಡೆಯುವಾಗ ಅವನು ಕಲಿಯುತ್ತಿದ್ದುದನ್ನು ಯಾವ ಕಂಪನಿಯ ದುರ್ಬೀನೂ ಕಲಿಸಿಕೊಡದು.

1972ರ ವನ್ಯಜೀವಿ ಸಂರಕ್ಷಣಾ ಕಾಯಿದೆ ನಮ್ಮಲ್ಲಿ ವಿನೋದದ ಬೇಟೆಗೆ ಕಡಿವಾಣ ಹಾಕಿತು. 2016ರಲ್ಲಿ ಬೀಳಗಿ, ಮುಧೋಳ ತಾಲ್ಲೂಕುಗಳ ಕುರುಚಲು ಗುಡ್ಡಗಳಲ್ಲಿ ಯಡಹಳ್ಳಿ ಚಿಂಕಾರ ವನ್ಯಧಾಮ ಏರ್ಪಟ್ಟಿತು. ಆ ಹುಡುಗನೊಂದಿಗೆ ಒಂದು ಸಂಜೆ ಆ ಕಡೆ ಹೋಗಿದ್ದೆ. ಕೈಯಲ್ಲಿದ್ದುದು ಕೋವಿಯಿಲ್ಲದ ದುರ್ಬೀನು. ಕಾಲು ಗಂಟೆ ತಿರುಗಿಸಿ ನೋಡಿದರೂ ನಮಗೆ ಕಲ್ಲುಪೊದೆಗಳ ಹೊರತು ಏನೂ ಕಾಣಲಿಲ್ಲ. ದಾರಿಯಲ್ಲಿ ಕುರಿ ಹೊಡೆದುಕೊಂಡು ಬರುತ್ತಿದ್ದ ಮುದುಕನೊಬ್ಬ ಕೋಲೆತ್ತಿ ತೋರಿಸಿದ. ಬರಿಗಣ್ಣಿನ ಆ ಕೋಲಿನ ತುದಿಯಲ್ಲಿ ಎರಡು ಚಿಂಕಾರಗಳು ನಿಂತಿದ್ದವು, ಮರುಗಳಿಗೆಯಲ್ಲಿ ಮಾಯವಾದವು.

"ಗಾಳಿ ನಿಮ್ಮ ಕಡೆಯಿಂದ ಬೀಸಾಕತ್ತೈತ್ರಿ ಯಪ್ಪಾ, ಅವಕ್ಕ ವಾಸನಿ ಹತ್ತಿತು" ಎಂದು ಮುದುಕ ಕುರಿಗಳನ್ನು ಮುಂದಕ್ಕೆ ಹೊಡೆದ. ಹುಡುಗ ದುರ್ಬೀನನ್ನು ಚೀಲದಲ್ಲಿಟ್ಟು, ಮೊದಲ ಬಾರಿಗೆ ಗಾಳಿ ಬೀಸುತ್ತಿದ್ದ ಕಡೆಗೆ ಮುಖ ತಿರುಗಿಸಿದ.