ಗಾಲ್ಫ್‌ನ ಹುಕ್: ಕಾರಣದ ಶೋಧ, ತಿದ್ದುಪಡಿಯ ಚರಿತ್ರೆ

ಬಲಗೈ ಆಟಗಾರ ಹೊಡೆದ ಗಾಲ್ಫ್ ಚೆಂಡು ಹಾರುತ್ತಲೇ ಎಡಕ್ಕೆ ಜೋರಾಗಿ ಬಾಗಿದರೆ ಅದು ಹುಕ್. ಎಡಗೈಯವರಿಗೆ ಇದೇ ಬಾಗು ಬಲಕ್ಕೆ ಆಗುತ್ತದೆ. ಹದವಾಗಿ ಬಾಗಿದರೆ ಅದನ್ನು ಡ್ರಾ ಎನ್ನುತ್ತಾರೆ. ಎದುರು ದಿಕ್ಕಿನ ಬಾಗುಗಳು ಸ್ಲೈಸ್ ಮತ್ತು ಫೇಡ್. ಸ್ಲೈಸ್ ಹೊಸಬರನ್ನು ಕಾಡಿದರೆ ಹುಕ್ ಸಾಮಾನ್ಯವಾಗಿ ಪಳಗಿದವರನ್ನು ಕಾಡುತ್ತದೆ, ನಷ್ಟವೂ ಅದರಲ್ಲೇ ಹೆಚ್ಚು. ಸ್ಲೈಸ್ ಆದ ಚೆಂಡು ಮೇಲೇರಿ ಮೆತ್ತಗೆ ಇಳಿಯುತ್ತದೆ. ಹುಕ್ ಆದದ್ದು ತಗ್ಗಿನಲ್ಲಿ ಹಾರಿ, ನೆಲ ಮುಟ್ಟಿದ ಮೇಲೂ ಉರುಳುತ್ತಾ ಹೋಗಿ ಪೊದೆಯನ್ನೋ ನೀರನ್ನೋ ಸೇರುತ್ತದೆ. ಕ್ಲಬ್‌ನ ಮುಖ ಎಡಕ್ಕೆ ಮುಚ್ಚಿಕೊಂಡಾಗ ಅದರ ಲಾಫ್ಟ್, ಅಂದರೆ ಮುಖ ಮೇಲಕ್ಕೆ ವಾಲಿರುವ ಕೋನ, ಕೂಡ ತಗ್ಗುವುದೇ ಇದಕ್ಕೆ ಕಾರಣ.

ತಿರುಗುವ ಚೆಂಡು ಗಾಳಿಯಲ್ಲಿ ಬಾಗುತ್ತದೆ ಎಂಬುದನ್ನು ನ್ಯೂಟನ್ 1672ರಲ್ಲೇ ಟೆನಿಸ್ ಚೆಂಡನ್ನು ನೋಡಿ ಗುರುತಿಸಿದ್ದ. ಜರ್ಮನಿಯ ಮ್ಯಾಗ್ನಸ್ 19ನೆಯ ಶತಮಾನದ ನಡುವೆ ಪ್ರಯೋಗಗಳಿಂದ ಅದನ್ನು ವಿವರಿಸಿದ ಕಾರಣ ಚೆಂಡನ್ನು ಹಾಗೆ ಬಗ್ಗಿಸುವ ಬಲಕ್ಕೆ ಅವನ ಹೆಸರೇ ನಿಂತಿದೆ. ಸ್ಪಿನ್ ಬೌಲರನ ಎಸೆತ ಗಾಳಿಯಲ್ಲೇ ಪಕ್ಕಕ್ಕೆ ತೇಲುವುದೂ ಇದೇ ಬಲದಿಂದ. ಗಾಲ್ಫ್ ಚೆಂಡಿನ ಹಾರಾಟವನ್ನು ಮೊದಲು ಗಂಭೀರವಾಗಿ ಅಧ್ಯಯನ ಮಾಡಿದವನು ಎಡಿನ್‌ಬರೋ ವಿಶ್ವವಿದ್ಯಾಲಯದ ಪ್ರಾಧ್ಯಾಪಕ ಪೀಟರ್ ಗಥ್ರಿ ಟೇಟ್. ಚೆಂಡಿಗೆ ಪಟ್ಟಿಯೊಂದನ್ನು ಅಂಟಿಸಿ ಹೊಡೆಸಿ, ಪಟ್ಟಿಯ ಮೇಲೆ ಬಿದ್ದ ಸುತ್ತುಗಳನ್ನು ಎಣಿಸಿ ಅದರ ತಿರುಗುವಿಕೆಯನ್ನು ಲೆಕ್ಕ ಹಾಕಿದ. ಅವನ ಮಗ ಫ್ರೆಡ್ಡಿ ಟೇಟ್ 1896 ಮತ್ತು 1898ರಲ್ಲಿ ಬ್ರಿಟಿಷ್ ಅಮೆಚೂರ್ ಚಾಂಪಿಯನ್ ಆಗಿದ್ದವನು. 1910ರಲ್ಲಿ ಎಲೆಕ್ಟ್ರಾನ್ ಶೋಧಕ ಜೆ. ಜೆ. ಥಾಮ್ಸನ್ ಲಂಡನ್ನಿನ ರಾಯಲ್ ಇನ್‌ಸ್ಟಿಟ್ಯೂಷನ್‌ನಲ್ಲಿ ಗಾಲ್ಫ್ ಚೆಂಡಿನ ಚಲನೆಯ ಬಗ್ಗೆ ಉಪನ್ಯಾಸ ಕೊಟ್ಟ. ಎಲೆಕ್ಟ್ರಾನುಗಳ ಕಿರಣವನ್ನು ವಿದ್ಯುತ್ ಮತ್ತು ಕಾಂತಕ್ಷೇತ್ರಗಳಿಂದ ಬಗ್ಗಿಸಿ, ಚೆಂಡು ಹಿಡಿಯುವ ದಾರಿಗಳನ್ನು ಸಭಿಕರ ಕಣ್ಣೆದುರೇ ಮೂಡಿಸಿದ. ಚೆಂಡು ಬಾಗುವುದು ಏಕೆ ಎಂಬುದು ಹೀಗೆ ಆಗಲೇ ಗೊತ್ತಾಗಿತ್ತು. ಅದು ಹಾಗೆ ತಿರುಗುವಂತೆ ಆಟಗಾರನ ಕೈ ಏನು ಮಾಡುತ್ತದೆ ಎಂಬುದು ಸ್ಪಷ್ಟವಾಗಲು ಇನ್ನೂ ಬಹಳ ಕಾಲ ಹಿಡಿಯಿತು. ಅಲ್ಲಿಯವರೆಗೂ ಚಿಕಿತ್ಸೆ ನಡೆದದ್ದು ಅನುಭವದ ಮೇಲೆ, ಮೈದಾನದಲ್ಲಿ.

ಆ ಅನುಭವದ ಚರಿತ್ರೆಯಲ್ಲಿ ಅಮೆರಿಕದ ಟೆಕ್ಸಸ್‌ನ ಬೆನ್ ಹೋಗನ್‌ನ ಅಧ್ಯಾಯಕ್ಕೆ ಸಮನಾದುದಿಲ್ಲ. 1912ರಲ್ಲಿ ಹುಟ್ಟಿ, 1930ರ ಹೊತ್ತಿಗೆ ವೃತ್ತಿಗಿಳಿದ ಈತನಿಗೆ ಒಬ್ಬನೇ ಆಡಿ ದೊಡ್ಡ ಪಂದ್ಯ ಗೆಲ್ಲಲು 1940ರಲ್ಲಿ ಪೈನ್‌ಹರ್ಸ್ಟ್‌ನ ನಾರ್ತ್ ಅಂಡ್ ಸೌತ್ ಓಪನ್‌ವರೆಗೆ ಕಾಯಬೇಕಾಯಿತು. ಅಷ್ಟು ವರ್ಷವೂ ಅಡ್ಡ ಬಂದದ್ದು ಹುಕ್. ಎಡಗೈಯನ್ನು ಹಿಡಿಕೆಯ ಮೇಲೆ ಬಲಕ್ಕೆ ಬಹಳ ಹೊರಳಿಸಿ ಹಿಡಿಯುತ್ತಿದ್ದ. ಗಾಲ್ಫ್ ಭಾಷೆಯಲ್ಲಿ ಇದು ಸ್ಟ್ರಾಂಗ್ ಗ್ರಿಪ್. ಹೀಗೆ ಹಿಡಿದ ಕೈಗಳು ಹೊಡೆಯುವ ವೇಗದಲ್ಲಿ ತಮ್ಮ ಸಹಜ ಸ್ಥಿತಿಗೆ ಮರಳುತ್ತವೆ, ಜೊತೆಗೆ ಕ್ಲಬ್‌ನ ಮುಖವನ್ನೂ ಮುಚ್ಚಿಬಿಡುತ್ತವೆ. ಗ್ರಿಪ್‌ನ ಈ ಹೊರಳನ್ನು ತಗ್ಗಿಸಿಕೊಳ್ಳಲು ಹೆನ್ರಿ ಪಿಕಾರ್ಡ್ ಎಂಬ ಸಹ ಆಟಗಾರ ನೆರವಾದ. ಗೆಲುವುಗಳು ಬಂದವು, ಆದರೆ ಒತ್ತಡ ಏರಿದಾಗ ಹುಕ್ ಮತ್ತೆ ತಲೆ ಎತ್ತುವ ಭಯ ಹೋಗಲಿಲ್ಲ.

1946ರಲ್ಲಿ ತನಗೆ ಪರಿಹಾರ ಸಿಕ್ಕಿತೆಂದು ಹೋಗನ್ ಮುಂದೆ ಹೇಳಿಕೊಂಡ. ಗುಟ್ಟು ಹೊರಬಂದದ್ದು 1955ರ ಆಗಸ್ಟ್‌ನಲ್ಲಿ, ಲೈಫ್ ಪತ್ರಿಕೆಯ ಮೂಲಕ. ಅದರಲ್ಲಿ ಮೂರು ಅಂಶಗಳಿದ್ದವು. ಎಡಗೈಯನ್ನು ಎಡಕ್ಕೆ ಸರಿಸಿ ಹಿಡಿಕೆಯ ನೆತ್ತಿಗೆ ತಂದದ್ದು ಒಂದು. ಕ್ಲಬ್ ಹಿಂದೆ ಒಯ್ಯುವಾಗ ಮುಂಗೈಯನ್ನು ಹೊರಳಿಸಿ ಮುಖ ತೆರೆಯುವುದು ಇನ್ನೊಂದು. ಇದು ಹಳೆಯ ಸ್ಕಾಟಿಷ್ ಆಟಗಾರರ ರೂಢಿ. ಮೂರನೆಯದು, ಕ್ಲಬ್ ಬೀಸುವ ಸ್ವಿಂಗ್ ಹಿಂದಕ್ಕೆ ಹೋಗಿ ಮುಟ್ಟುವ ತುದಿಯಲ್ಲಿ ಎಡ ಮಣಿಕಟ್ಟನ್ನು ತುಸು ಹಿಂದಕ್ಕೆ ಬಗ್ಗಿಸುವುದು. ಮುಖ ಅಷ್ಟು ತೆರೆದಿರುವಾಗ ಎಷ್ಟೇ ಬಲ ಹಾಕಿದರೂ ಅದು ಪೂರ್ತಿ ಮುಚ್ಚಿಕೊಳ್ಳುವುದು ಸಾಧ್ಯವಿಲ್ಲ. ಹುಕ್ ಬಿದ್ದೀತೆಂಬ ಅಂಜಿಕೆ ಇಲ್ಲದೆ ಪೂರ್ತಿ ಬಲದಿಂದ ಹೊಡೆಯುವ ಸ್ವಾತಂತ್ರ್ಯ ಅವನಿಗೆ ಸಿಕ್ಕಿತು. ಅದೇ 1946ರಲ್ಲಿ ಪಿಜಿಎ ಚಾಂಪಿಯನ್‌ಷಿಪ್ ಗೆದ್ದು, ಗಾಲ್ಫ್‌ನ ಅತಿ ದೊಡ್ಡ ಪಂದ್ಯಗಳಾದ ಮೇಜರ್‌ಗಳಲ್ಲಿ ತನ್ನ ಮೊದಲ ಪ್ರಶಸ್ತಿ ಪಡೆದ. 1949ರ ಫೆಬ್ರುವರಿಯಲ್ಲಿ ಬಸ್ಸಿಗೆ ಕಾರು ಡಿಕ್ಕಿಯಾಗಿ ಸಾವಿನ ಅಂಚಿಗೆ ಹೋಗಿ ಬಂದವನು ಮರುವರ್ಷವೇ ಮೆರಿಯನ್‌ನಲ್ಲಿ ಅಮೆರಿಕನ್ ಓಪನ್ ಗೆದ್ದ. ಒಟ್ಟು ಒಂಬತ್ತು ಮೇಜರ್‌ಗಳು ಅವನವು.

1957ರಲ್ಲಿ ಹರ್ಬರ್ಟ್ ವಾರನ್ ವಿಂಡ್ ಜೊತೆ ಹೋಗನ್ ಬರೆದ ‘ಫೈವ್ ಲೆಸನ್ಸ್’ ಗಾಲ್ಫ್ ಬೋಧನೆಯ ಅತ್ಯಂತ ಪ್ರಭಾವಿ ಪುಸ್ತಕಗಳಲ್ಲಿ ಒಂದು. ಆಂಥನಿ ರವಿಯೆಲ್ಲಿಯ ರೇಖಾಚಿತ್ರಗಳು ಇಂದಿಗೂ ಕಣ್ಣಿಗೆ ಕಟ್ಟುವಂತಿವೆ. ಆದರೆ ಅದು ಹುಕ್‌ನಿಂದ ನೊಂದವನು ಬರೆದ ಪುಸ್ತಕ. ಅದರ ಗ್ರಿಪ್ ಪಾಠವನ್ನು ಅಕ್ಷರಶಃ ಪಾಲಿಸಿದ ಸಾಮಾನ್ಯ ಆಟಗಾರ, ಮೊದಲೇ ಸ್ಲೈಸ್ ಹೊಡೆಯುವವನಾದ್ದರಿಂದ, ಇನ್ನಷ್ಟು ಸ್ಲೈಸ್‌ಗೆ ಸಿಕ್ಕಿದ. ಒಬ್ಬರ ಔಷಧಿಯನ್ನು ಕಾರಣ ತಿಳಿಯದೆ ಇನ್ನೊಬ್ಬರಿಗೆ ಬರೆದುಕೊಡುವ ಈ ತಪ್ಪು ಗಾಲ್ಫ್ ಬೋಧನೆಯಲ್ಲಿ ಬಹುಕಾಲ ನಡೆದುಬಂತು.

ಬೋಧಕರು ಕೊಡುತ್ತಿದ್ದ ಕಾರಣದ ವಿವರಣೆಯೇ ತಪ್ಪಾಗಿತ್ತು. ಚೆಂಡು ಸ್ವಿಂಗ್‌ನ ದಾರಿಯಲ್ಲಿ ಹೊರಟು, ಆಮೇಲೆ ಮುಖ ನೋಡುತ್ತಿದ್ದ ದಿಕ್ಕಿಗೆ ಬಾಗುತ್ತದೆ ಎಂದು ಪಾಠ ಹೇಳುತ್ತಿದ್ದರು. ಗುರಿಗೆ ಅಡ್ಡವಾಗಿರುವ ಮರವೊಂದನ್ನು ಸುತ್ತಿಕೊಂಡು ಎಡಕ್ಕೆ ಹೊಡೆಯಬೇಕೆನ್ನಿ. ಈ ಪಾಠದಂತೆ ಆಟಗಾರ ಮುಖವನ್ನು ಗುರಿಯತ್ತ, ಅಂದರೆ ಮರದತ್ತಲೇ ಇಟ್ಟು, ಸ್ವಿಂಗನ್ನು ಬಲಕ್ಕೆ ಒಯ್ಯುತ್ತಾನೆ. ಚೆಂಡು ನೇರ ಹೋಗಿ ಮರಕ್ಕೆ ಬಡಿಯುತ್ತದೆ. 1968ರಲ್ಲಿ ಬ್ರಿಟನ್ನಿನ ಕಾಕ್ರನ್ ಮತ್ತು ಸ್ಟಾಬ್ಸ್ ಪ್ರಕಟಿಸಿದ ವೈಜ್ಞಾನಿಕ ಅಧ್ಯಯನ, ಚೆಂಡು ಮತ್ತು ಕ್ಲಬ್ ಕೂಡಿರುವುದು ಸುಮಾರು ಅರ್ಧ ಮಿಲಿಸೆಕೆಂಡ್ ಮಾತ್ರ ಎಂದು ತೋರಿಸಿತು. ಅಷ್ಟರಲ್ಲಿ ಕೈ ತಿರುಚಿ ಚೆಂಡನ್ನು ತಿದ್ದುವ ಮಾತೇ ಇಲ್ಲ. 1990ರ ದಶಕದಲ್ಲಿ ಅಮೆರಿಕದ ಭೌತವಿಜ್ಞಾನಿ ಥಿಯೋಡರ್ ಯೋರ್ಗೆನ್ಸನ್, ಮುಖದ ದಿಕ್ಕು ಮತ್ತು ಸ್ವಿಂಗ್‌ನ ದಿಕ್ಕು ಎರಡೂ ಸೇರಿ ಒಂದು ಸಮತಲವನ್ನು ನಿರ್ಧರಿಸುತ್ತವೆ, ಚೆಂಡು ತಿರುಗುವ ಅಕ್ಷ ಆ ಸಮತಲಕ್ಕೆ ತಕ್ಕಂತೆ ವಾಲುತ್ತದೆ ಎಂದು ವಿವರಿಸಿದ. 2003ರಲ್ಲಿ ಆರಂಭವಾದ ಡೆನ್ಮಾರ್ಕ್‌ನ ಟ್ರ್ಯಾಕ್‌ಮ್ಯಾನ್ ಕಂಪನಿಯ ಡಾಪ್ಲರ್ ರಾಡಾರ್ ಬಂದ ಮೇಲೆ ವಾದಕ್ಕೆ ಜಾಗ ಉಳಿಯಲಿಲ್ಲ. ಹೊರಡುವ ದಿಕ್ಕಿನಲ್ಲಿ ಮುಖದ ಪಾಲು ಅತಿ ದೂರ ಹೊಡೆಯುವ ಕ್ಲಬ್ಬಾದ ಡ್ರೈವರ್‌ನಲ್ಲಿ ಸುಮಾರು 85 ಪ್ರತಿಶತ, ಐರನ್‌ಗಳಲ್ಲಿ ಸುಮಾರು 75. ಸ್ವಿಂಗ್ ದಾರಿಗೆ ಹೋಲಿಸಿದರೆ ಮುಖ ಎಷ್ಟು ಮುಚ್ಚಿದೆ ಎಂಬುದು ಬಾಗನ್ನು ತೀರ್ಮಾನಿಸುತ್ತದೆ. ಮುಖ ಗುರಿಗಿಂತ 2 ಡಿಗ್ರಿ ಬಲಕ್ಕಿದ್ದು ದಾರಿ 4 ಡಿಗ್ರಿ ಬಲಕ್ಕಿದ್ದರೆ ಸೊಗಸಾದ ಡ್ರಾ. ದಾರಿ ಅಷ್ಟೇ ಇದ್ದು ಮುಖ ಗುರಿಗಿಂತ ಎಡಕ್ಕೆ ಹೊರಳಿದರೆ ಹುಕ್.

ಹುಕ್ ಎಲ್ಲರಿಗೂ ರೋಗವಲ್ಲ. ದಕ್ಷಿಣ ಆಫ್ರಿಕಾದ ಬಾಬಿ ಲಾಕ್ ಹೆಚ್ಚುಕಡಿಮೆ ಪ್ರತಿ ಹೊಡೆತವನ್ನೂ ಬಲಕ್ಕೆ ಕಳಿಸಿ ಎಡಕ್ಕೆ ತಿರುಗಿಸಿಕೊಂಡೇ 1949, 1950, 1952 ಮತ್ತು 1957ರ ಬ್ರಿಟಿಷ್ ಓಪನ್ ಗೆದ್ದ. 2012ರ ಮಾಸ್ಟರ್ಸ್‌ ಪ್ಲೇಆಫ್‌ನಲ್ಲಿ ಎಡಗೈ ಆಟಗಾರ ಬಬ್ಬಾ ವಾಟ್ಸನ್ ಮರಗಳ ನಡುವಿನಿಂದ ವೆಜ್ ಹಿಡಿದು ಬೇಕೆಂದೇ ಭಾರಿ ಹುಕ್ ಹೊಡೆದು ಚೆಂಡನ್ನು ಗ್ರೀನ್ ಮೇಲೆ ನಿಲ್ಲಿಸಿದ. ಸ್ಟ್ರಾಂಗ್ ಗ್ರಿಪ್ಪೇ ದೋಷ ಎನ್ನುವುದೂ ಸಲ್ಲದು: ಪಾಲ್ ಏಜಿಂಗರ್ ಮತ್ತು ಡೇವಿಡ್ ಡುವಾಲ್ ಅಂಥ ಹಿಡಿತದಿಂದಲೇ ಮೇಜರ್ ಗೆದ್ದವರು. ಸೊಂಟ ಮತ್ತು ಎದೆಯನ್ನು ನಿಲ್ಲಿಸದೆ ತಿರುಗಿಸುತ್ತಿದ್ದುದರಿಂದ ಅವರ ಕೈಗಳು ಮುಖವನ್ನು ಹೊರಳಿಸುವ ಅಗತ್ಯವೇ ಬೀಳುತ್ತಿರಲಿಲ್ಲ.

ಆದ್ದರಿಂದ ಈಗಿನ ಒಳ್ಳೆಯ ಕೋಚ್ ಗ್ರಿಪ್‌ಗೆ ಕೈ ಹಾಕುವ ಮುನ್ನ ಚೆಂಡಿನ ದಾರಿ ನೋಡುತ್ತಾನೆ. ಇಂಗ್ಲೆಂಡಿನ ಜಾನ್ ಜೇಕಬ್ಸ್ ರಾಡಾರ್ ಬರುವ ಎಷ್ಟೋ ಮೊದಲೇ ಈ ಕ್ರಮವನ್ನು ಕಲಿಸಿದ್ದ. ಚೆಂಡು ಪಾದಕ್ಕಿಂತ ಎತ್ತರದಲ್ಲಿರುವ ಇಳಿಜಾರಿನಲ್ಲಿ ಲಾಫ್ಟ್ ಇರುವ ಮುಖ ತಾನಾಗಿ ಎಡಕ್ಕೆ ನೋಡುತ್ತದೆ. ಅಲ್ಲಿ ಬಲಕ್ಕೆ ಗುರಿಯಿಟ್ಟರೆ ಸಾಕು. ಡ್ರೈವರ್ ಮುಖದ ಮೇಲೆ ಪೌಡರ್ ಸ್ಪ್ರೇ ಹೊಡೆದು ನೋಡಿದಾಗ ಗುರುತು ಹೊರತುದಿಯ ಕಡೆ ಬಿದ್ದಿದ್ದರೆ ಸ್ವಿಂಗ್‌ನದ್ದು ತಪ್ಪಿಲ್ಲದಿರಬಹುದು: ತುದಿಗೆ ತಗುಲಿದಾಗ ಕ್ಲಬ್‌ನ ತಲೆ ಹಿಂದಕ್ಕೆ ಹೊರಳಿ ಚೆಂಡಿಗೆ ಹುಕ್‌ನ ತಿರುಗು ಕೊಡುತ್ತದೆ. ಚೆಂಡು ಗುರಿಯ ಎಡಕ್ಕೇ ಹೊರಟು ಇನ್ನೂ ಎಡಕ್ಕೆ ಬಾಗಿದರೆ ಮುಖವನ್ನು ತಿದ್ದಬೇಕು: ನಿಂತಾಗ ಕಾಣುವ ಎಡಗೈ ಗೆಣ್ಣುಗಳು ಮೂರು ನಾಲ್ಕಿದ್ದರೆ ಎರಡಕ್ಕೆ ಇಳಿಸಬೇಕು. ಬಲಕ್ಕೆ ಹೊರಟು ಗುರಿ ದಾಟಿ ಎಡಕ್ಕೆ ಬಂದರೆ ದಾರಿಯನ್ನು ತಿದ್ದಬೇಕು: ಚೆಂಡು ಬಹಳ ಹಿಂದೆ, ಬಲಗಾಲಿನ ಕಡೆ ಇದೆಯೇ, ಭುಜಗಳು ಗುರಿಯ ಬಲಕ್ಕೆ ನೋಡುತ್ತಿವೆಯೇ, ಹೊಡೆಯುವ ಹೊತ್ತಿಗೆ ದೇಹ ನಿಂತು ಕೈಗಳಷ್ಟೇ ಓಡುತ್ತಿವೆಯೇ ಎಂದು ಪರೀಕ್ಷಿಸಬೇಕು. ಅನುಭವಿ ಆಟಗಾರರಲ್ಲಿ ಹೆಚ್ಚಾಗಿ ಸಿಗುವುದು ಈ ಕೊನೆಯದು. ಎದೆ ಗುರಿಯತ್ತ ಪೂರ್ತಿ ತಿರುಗುವವರೆಗೂ ನಿಲ್ಲದಂತೆ, ಅರ್ಧ ಸ್ವಿಂಗ್‌ನಲ್ಲಿ ನಿಧಾನವಾಗಿ ಅಭ್ಯಾಸ ಮಾಡಿಸುವುದು ಅದಕ್ಕೆ ಈಗ ರೂಢಿಯಲ್ಲಿರುವ ಪರಿಹಾರ.