ಇಂಗ್ಲಿಷ್ ಬರೆಯುವಾಗ ಕಾಮಾ ಎಲ್ಲಿ ಬೇಕು, ಎಲ್ಲಿ ಬೇಡ?

ಅಮೆರಿಕದ ಮೇನ್ ರಾಜ್ಯದ ಓಕ್‌ಹರ್ಸ್ಟ್ ಡೇರಿ 2018ರಲ್ಲಿ ತನ್ನ ವಾಹನ ಚಾಲಕರಿಗೆ 50 ಲಕ್ಷ ಡಾಲರ್ ಕೊಡಲು ಒಪ್ಪಿಕೊಂಡಿತು. ಜಗಳದ ಮೂಲ, ರಾಜ್ಯದ ಕಾನೂನಿನಲ್ಲಿ ಇಲ್ಲದ ಒಂದು ಕಾಮಾ. ಓವರ್‌ಟೈಮ್ ಸಂಬಳ ಸಿಗದ ಕೆಲಸಗಳ ಪಟ್ಟಿಯ ಕೊನೆಯಲ್ಲಿ 'ಪ್ಯಾಕಿಂಗ್ ಫಾರ್ ಶಿಪ್‌ಮೆಂಟ್ ಆರ್ ಡಿಸ್ಟ್ರಿಬ್ಯೂಷನ್' ಎಂದಿತ್ತು. ವಿತರಣೆ ಎಂಬುದು ಬೇರೆ ಕೆಲಸವೋ, ಇಲ್ಲವೇ ವಿತರಣೆಗಾಗಿ ಪ್ಯಾಕಿಂಗ್ ಮಾಡುವುದು ಎಂದರ್ಥವೋ? ಚಾಲಕರು ವಿತರಣೆ ಮಾಡುತ್ತಿದ್ದರು, ಪ್ಯಾಕಿಂಗ್ ಮಾಡುತ್ತಿರಲಿಲ್ಲ. 'ಶಿಪ್‌ಮೆಂಟ್' ನಂತರ ಕಾಮಾ ಇದ್ದಿದ್ದರೆ ಅವರ ವಾದ ನಿಲ್ಲುವುದು ಕಷ್ಟವಿತ್ತು. ಅದಿಲ್ಲದೆ ಅರ್ಥ ಅಸ್ಪಷ್ಟವಾಗಿದೆ ಎಂದ ಮೇಲ್ಮನವಿ ನ್ಯಾಯಾಲಯ 2017ರಲ್ಲಿ ಚಾಲಕರ ಪರ ತೀರ್ಪು ನೀಡಿತ್ತು.

ಪಟ್ಟಿಯ ಕೊನೆಯ 'ಆ್ಯಂಡ್' ಅಥವಾ 'ಆರ್' ಹಿಂದೆ ಬರುವ ಇದಕ್ಕೆ ಆಕ್ಸ್‌ಫರ್ಡ್ ಕಾಮಾ ಎನ್ನುತ್ತಾರೆ. ಅಮೆರಿಕದ ಪುಸ್ತಕಗಳಲ್ಲಿ ಇದು ಸಾಮಾನ್ಯ, ಪತ್ರಿಕೆಗಳಲ್ಲಿ ಕಡಿಮೆ. ಗೊಂದಲವಾಗುವಂತಿದ್ದರೆ ಹಾಕುವುದೇ ಕ್ಷೇಮ.

ಕನ್ನಡಿಗರು ಎಡವುವುದು ಮಾತ್ರ ಬೇರೆ ಕಡೆ. ಓದುವಾಗ ಉಸಿರು ನಿಲ್ಲಿಸುವಲ್ಲೆಲ್ಲ ಕಾಮಾ ಹಾಕುವ ರೂಢಿ ಹಲವರಿಗಿದೆ. 'ದ ಮ್ಯಾನೇಜರ್ ಆಫ್ ದ ಅಂಧೇರಿ ಬ್ರ್ಯಾಂಚ್, ಹ್ಯಾಸ್ ಅಪ್ರೂವ್ಡ್ ದ ಲೀವ್' ಎಂಬುದು ತಪ್ಪು. ಕರ್ತೃ ಎಷ್ಟೇ ಉದ್ದವಿರಲಿ, ಅದಕ್ಕೂ ಕ್ರಿಯಾಪದಕ್ಕೂ ನಡುವೆ ಒಂಟಿ ಕಾಮಾ ಬರುವುದಿಲ್ಲ.

'ಮಳೆ ಬಂತು, ರೈಲು ನಿಂತಿತು' ಎಂದು ಕನ್ನಡದಲ್ಲಿ ಧಾರಾಳವಾಗಿ ಬರೆಯಬಹುದು. ಇಂಗ್ಲಿಷ್‌ನಲ್ಲಿ 'ಇಟ್ ರೇನ್ಡ್, ದ ಟ್ರೇನ್ಸ್ ಸ್ಟಾಪ್ಡ್' ಎಂದರೆ ವ್ಯಾಕರಣ ದೋಷ. ಎರಡು ಪೂರ್ಣ ವಾಕ್ಯಗಳನ್ನು ಜೋಡಿಸಲು ಕಾಮಾ ಒಂದೇ ಸಾಲದು. ಅದರ ಜೊತೆ 'ಆ್ಯಂಡ್', 'ಬಟ್', 'ಸೋ' ಇಂಥದ್ದೊಂದು ಬೇಕು, ಇಲ್ಲವೇ ಪೂರ್ಣವಿರಾಮ ಹಾಕಬೇಕು. 'ಶಿ ಕೇಮ್ ಹೋಮ್ ಆ್ಯಂಡ್ ಸ್ಲೆಪ್ಟ್' ಎಂಬಲ್ಲಿ ಎರಡನೆಯ ಭಾಗಕ್ಕೆ ಸ್ವಂತ ಕರ್ತೃ ಇಲ್ಲ, ಹಾಗಾಗಿ ಕಾಮಾ ಬೇಡ. 'ಇಫ್', 'ವೆನ್' ಭಾಗ ಮೊದಲು ಬಂದರೆ ಅದರ ಕೊನೆಗೆ ಕಾಮಾ ಹಾಕಬೇಕು. ಕೊನೆಯಲ್ಲಿ ಬಂದರೆ ಸಾಮಾನ್ಯವಾಗಿ ಬೇಕಿಲ್ಲ.

ಅರ್ಥವೇ ತಲೆಕೆಳಗಾಗುವುದು 'ಹೂ', 'ವಿಚ್' ಬಂದಾಗ. 'ಪುಣೆಯಲ್ಲಿರುವ ನನ್ನ ಅಣ್ಣ' ಎಂದರೆ ಅಣ್ಣ ಒಬ್ಬನೋ ಇಬ್ಬರೋ, ಕನ್ನಡ ಹೇಳುವುದಿಲ್ಲ. ಇಂಗ್ಲಿಷ್ ಹೇಳುತ್ತದೆ. 'ಮೈ ಬ್ರದರ್, ಹೂ ಲಿವ್ಸ್ ಇನ್ ಪುಣೆ, ಈಸ್ ಎ ಡಾಕ್ಟರ್' ಎಂದರೆ ಇರುವುದು ಒಬ್ಬನೇ ಸಹೋದರ, ಪುಣೆಯ ಸಂಗತಿ ಹೆಚ್ಚುವರಿ ಮಾಹಿತಿ. ಎರಡೂ ಕಾಮಾ ತೆಗೆದರೆ ಹಲವು ಸಹೋದರರಲ್ಲಿ ಪುಣೆಯವನು ಎಂದಾಗುತ್ತದೆ. ಕುಟುಂಬದವರಿಗೆ ಇದು ತಮಾಷೆ ಇರಬಹುದು, ಆದರೆ ಆಫೀಸಿನ ಸುತ್ತೋಲೆಯಲ್ಲಿ ಅಲ್ಲ. 'ಎಂಪ್ಲಾಯೀಸ್ ಹೂ ಕೇಮ್ ಲೇಟ್ ವಿಲ್ ಲೂಸ್ ಹಾಫ್ ಎ ಡೇಸ್ ಪೇ' ಎಂದರೆ ತಡವಾಗಿ ಬಂದವರಿಗಷ್ಟೇ ಅರ್ಧ ದಿನದ ಸಂಬಳ ಕಡಿತ. 'ಹೂ ಕೇಮ್ ಲೇಟ್' ಎಂಬುದರ ಎರಡೂ ಬದಿಗೆ ಕಾಮಾ ಬಿದ್ದರೆ ಎಲ್ಲ ನೌಕರರೂ ತಡವಾಗಿ ಬಂದರು, ಎಲ್ಲರಿಗೂ ಕಡಿತ ಎಂದು ಓದಬೇಕಾಗುತ್ತದೆ.