ಲಿಂಡೆಮನ್ನರ ಲೆಕ್ಕ

ಭೌತವಿಜ್ಞಾನದ ವಿದ್ಯಾರ್ಥಿಗಳಲ್ಲಿ ಕೆಲವರಿಗಾದರೂ ಲಿಂಡೆಮನ್ನರ ಹೆಸರು ಪರಿಚಿತ. ಘನವಸ್ತುವಿನ ಪರಮಾಣುಗಳ ಕಂಪನ ಒಂದು ಮಿತಿ ದಾಟಿದಾಗ ಅದು ಕರಗುತ್ತದೆ ಎಂಬ 1910ರ ವಿವರಣೆ ಅವರದು. ಎರಡನೆಯ ಮಹಾಯುದ್ಧದಲ್ಲಿ ಅವರು ಬ್ರಿಟನ್ನಿನ ಪ್ರಧಾನಿ ಚರ್ಚಿಲ್ಲರ ವಿಜ್ಞಾನ ಸಲಹೆಗಾರರು. ಆಗ ಅವರ ಮುಂದಿದ್ದ ಪ್ರಶ್ನೆ ಬೇರೆ: ಕೇವಲ ಬಾಂಬು ಸುರಿದು ಶತ್ರುರಾಷ್ಟ್ರವನ್ನು ಮಣಿಸಬಹುದೆ? 1942ರ ಮಾರ್ಚ್ 30ರಂದು ಅವರು ಚರ್ಚಿಲ್ಲರಿಗೆ ಒಪ್ಪಿಸಿದ ಟಿಪ್ಪಣಿ ಚಿಕ್ಕದು. ಪೆನ್ಸಿಲ್ ಹಿಡಿದು ನೀವೂ ಪರಿಶೀಲಿಸಬಹುದು.

ಒಂದು ಬಾಂಬರ್ ವಿಮಾನ ತನ್ನ ಆಯುಷ್ಯದಲ್ಲಿ ಸರಾಸರಿ 14 ಬಾರಿ ದಾಳಿಗೆ ಹೋಗುತ್ತದೆ. ಸಲಕ್ಕೆ 3 ಟನ್ನಿನಂತೆ ಸುಮಾರು 40 ಟನ್ ಬಾಂಬು ಹಾಕುತ್ತದೆ. ಜನವಸತಿಯ ಮೇಲೆ ಬಿದ್ದ ಒಂದು ಟನ್ 100ರಿಂದ 200 ಜನರ ಮನೆ ಕಳೆಯುತ್ತದೆ. ಅಂದರೆ ವಿಮಾನವೊಂದಕ್ಕೆ 4,000ದಿಂದ 8,000 ನಿರಾಶ್ರಿತರು. 1943ರ ಮಧ್ಯದ ವೇಳೆಗೆ 10,000 ಭಾರಿ ಬಾಂಬರ್‌ಗಳು ಸಿದ್ಧವಾಗುತ್ತವೆ. ಜರ್ಮನಿಯ 58 ದೊಡ್ಡ ನಗರಗಳ ಜನಸಂಖ್ಯೆ 2.2 ಕೋಟಿ. ಅರ್ಧದಷ್ಟು ಬಾಂಬು ಈ ನಗರಗಳ ಮೇಲೆ ಬಿದ್ದರೂ ಅಲ್ಲಿನ ಬಹುಪಾಲು ಜನ, ಎಂದರೆ ದೇಶದ ಸುಮಾರು ಮೂರನೆಯ ಒಂದು ಭಾಗ, ಬೀದಿಗೆ ಬೀಳುತ್ತದೆ. ಜನರ ಸ್ಥೈರ್ಯ ಕುಸಿಯುತ್ತದೆ.

ಗುಣಾಕಾರದಲ್ಲಿ ತಪ್ಪಿಲ್ಲ. ಆದರೆ ಉತ್ತರ ಐದು ಪಟ್ಟು ಹೆಚ್ಚಾಯಿತೆಂದರು ಹೆನ್ರಿ ಟಿಜರ್ಡ್. ಆರು ಪಟ್ಟು ಎಂದರು 1948ರಲ್ಲಿ ನೊಬೆಲ್ ಪಡೆದ ಭೌತವಿಜ್ಞಾನಿ ಬ್ಲ್ಯಾಕೆಟ್. ಕಾರಣ ಸರಳ. ಆ ಅವಧಿಯಲ್ಲಿ ತಯಾರಾಗುವ ವಿಮಾನಗಳೆಲ್ಲ ಅದೇ ಅವಧಿಯೊಳಗೆ ತಮ್ಮ ಪಾಲಿನ ಬಾಂಬನ್ನೆಲ್ಲ ಹಾಕಿ ಮುಗಿಸುತ್ತವೆ ಎಂದು ಟಿಪ್ಪಣಿ ಭಾವಿಸಿತ್ತು. ಕೊನೆಯ ತಿಂಗಳಲ್ಲಿ ಕಾರ್ಖಾನೆಯಿಂದ ಹೊರಬಂದ ವಿಮಾನ 14 ದಾಳಿ ಮಾಡುವುದು ಯಾವಾಗ? ಗುರಿಯ ಮಾತಂತೂ ಇನ್ನೂ ಕಷ್ಟ. ಗುರಿಯ ಮೇಲೆ ದಾಳಿ ಮಾಡಿದೆವೆಂದು ಹೇಳಿಕೊಂಡ ವಿಮಾನಗಳಲ್ಲಿ ಮೂರರಲ್ಲಿ ಒಂದು ಮಾತ್ರ ಅದರ 8 ಕಿಲೋಮೀಟರ್ ಒಳಗೆ ಹೋಗಿತ್ತೆಂದು 1941ರ ಬಟ್ ವರದಿ ಛಾಯಾಚಿತ್ರಗಳಿಂದ ತೋರಿಸಿತ್ತು. ಆದರೂ ಲಿಂಡೆಮನ್ನರ ಮಾತೇ ನಡೆಯಿತು. ನಗರಗಳ ಮೇಲೆ ದಾಳಿಗೆ ಫೆಬ್ರುವರಿಯಲ್ಲೇ ಆದೇಶ ಹೊರಟಿದ್ದರಿಂದ ಬೇಕಾಗಿದ್ದುದು ಅಂಕಿಗಳ ಬೆಂಬಲವಷ್ಟೆ.

ಮುಂದಿನದು ಗೊತ್ತೇ ಇದೆ. 1943ರ ಜುಲೈ 27ರ ರಾತ್ರಿ ಹ್ಯಾಂಬರ್ಗ್‌ನಲ್ಲಿ ಸಾವಿರಾರು ಬೆಂಕಿಗಳು ಒಂದಾದವು. ಕಾದ ಗಾಳಿ ಮೇಲೇರಿತು. ತೆರವಾದ ಜಾಗಕ್ಕೆ ಸುತ್ತಲಿಂದ ಚಂಡಮಾರುತದ ವೇಗದಲ್ಲಿ ಗಾಳಿ ನುಗ್ಗಿತು. ಆ ದಾಳಿಸರಣಿಯಲ್ಲಿ ಸುಮಾರು 37,000 ಜನ ಸತ್ತರು. ಇನ್ನು ಆರು ನಗರಗಳಿಗೆ ಹೀಗಾದರೆ ಶಸ್ತ್ರಾಸ್ತ್ರ ಉತ್ಪಾದನೆ ನಿಂತೇಹೋಗುತ್ತದೆಂದು ಸಚಿವ ಆಲ್ಬರ್ಟ್ ಸ್ಪೀರ್ ಹಿಟ್ಲರನಿಗೆ ಹೇಳಿದರು. ಅವರ ಲೆಕ್ಕವೂ ತಪ್ಪಿತು! 1944ರ ಜುಲೈಯಲ್ಲಿ ಆ ಉತ್ಪಾದನೆ 1942ರ ಆರಂಭದಲ್ಲಿದ್ದುದರ ಸುಮಾರು ಮೂರು ಪಟ್ಟಾಗಿತ್ತು.

ದಾಳಿಗಳು ವ್ಯರ್ಥವಾದವು ಎನ್ನಲಾಗದು. ಜರ್ಮನಿ ಯುದ್ಧವಿಮಾನ, ಫಿರಂಗಿಗಳನ್ನು ರಣರಂಗದಿಂದ ತನ್ನ ನಗರಗಳಿಗೆ ಹಿಂದೆ ತರಬೇಕಾಯಿತು. 1944ರ ಮೇ ತಿಂಗಳಿಂದ ಕೃತಕ ತೈಲದ ಸ್ಥಾವರಗಳ ಮೇಲೆ ನಡೆದ ದಾಳಿ ಅದರ ಸೇನೆಯನ್ನು ನಿಜಕ್ಕೂ ಕುಂಠಿತಗೊಳಿಸಿತು. ಆದರೆ ಟಿಪ್ಪಣಿ ನಿರೀಕ್ಷಿಸಿದ್ದು ಇದನ್ನಲ್ಲ. ಮನೆ ಕಳೆದುಕೊಂಡವನು ರೊಟ್ಟಿಗೆ, ಕಂಬಳಿಗೆ, ಮಲಗುವ ಜಾಗಕ್ಕೆ ಅದೇ ಸರಕಾರದ ಮುಂದೆ ಸಾಲು ನಿಲ್ಲುತ್ತಾನೆ. ಬಾಯಿ ತೆರೆದರೆ ಗೆಸ್ಟಾಪೊ ಇದೆ. ಅವನ ಹತಾಶೆ ಹಿಟ್ಲರನ ನಿರ್ಧಾರವನ್ನು ಬದಲಿಸುವ ದಾರಿ ಯಾವುದು? ಲೆಕ್ಕದಲ್ಲಿ ಆ ಹಂತವೇ ಇಲ್ಲ. ಸೋವಿಯತ್ ಸೇನೆ ಬರ್ಲಿನ್ ಹಿಡಿದ ಬಳಿಕವೇ, 1945ರ ಮೇ ತಿಂಗಳಲ್ಲಿ, ಜರ್ಮನಿ ಶರಣಾಯಿತು. ಅಷ್ಟರಲ್ಲಿ ಬ್ರಿಟಿಷ್ ಬಾಂಬರ್ ಪಡೆಯ 55,573 ಯುವಕರೂ ಸತ್ತಿದ್ದರು.

ಹಾಗಾದರೆ ಸ್ಥೈರ್ಯ ಕುಸಿಯುತ್ತದೆಂಬುದಕ್ಕೆ ಲಿಂಡೆಮನ್ನರಿಗಿದ್ದ ಆಧಾರವೇನು? ಜರ್ಮನ್ ಬಾಂಬುಗಳಿಂದ ನೊಂದ ಹಲ್, ಬರ್ಮಿಂಗ್‌ಹ್ಯಾಮ್ ನಗರಗಳ ಸಮೀಕ್ಷೆ. ಹಲ್‌ನಲ್ಲಿ ಹತ್ತರಲ್ಲಿ ಒಂದು ಮನೆ ಬಿದ್ದುದಕ್ಕೇ ಜನ ಬಳಲಿದ್ದರೆಂದು ಅವರು ಬರೆದರು. ಸಮೀಕ್ಷೆ ನಡೆಸಿದ ಬರ್ನಾಲ್ ಮತ್ತು ಜುಕರ್‌ಮನ್ನರ ವರದಿ ಸಿದ್ಧವಾದದ್ದು ಏಪ್ರಿಲ್ 8ರಂದು, ಟಿಪ್ಪಣಿ ಚರ್ಚಿಲ್ಲರ ಕೈಸೇರಿದ ಒಂಬತ್ತು ದಿನಗಳ ಅನಂತರ. ಎರಡೂ ನಗರಗಳಲ್ಲಿ ಜನ ದಿಗಿಲುಬಿದ್ದುದಕ್ಕೆ ಯಾವ ಪುರಾವೆಯೂ ಸಿಕ್ಕಿಲ್ಲವೆಂದು ಅದರಲ್ಲಿತ್ತು.